ಕೆಂಪು ಕೊಂಡಿಯ ಕಥೆ: ವಿಕಿ ಪುಟ ಪ್ರಶ್ನೆ ಕೇಳೋದನ್ನ ಕಲಿತಿದ್ದು ಹೇಗೆ?

ಇವತ್ತಿನ ಕಥೆ ಒಂದು ಕ್ವಿಜ್‌ನಿಂದ ಶುರುವಾಗುತ್ತೆ.

ನನ್ನ ಅಕ್ಕನ ಮಗಳ ಕಾಲೇಜಿನಲ್ಲಿ ರಾಜ್ಯೋತ್ಸವಕ್ಕೆ ಕ್ವಿಜ್ ಇತ್ತು. ಪ್ರಶ್ನೆ ತಯಾರು ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಮೊದಲನೇದು ಸುಲಭದ್ದೇ ಇರಲಿ ಅಂತ ‘ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ?’ ಅಂತ ಬರೆದೆ. ಉತ್ತರ ಒಮ್ಮೆ ಖಚಿತ ಮಾಡ್ಕೊಳ್ಳೋಣ ಅಂತ ಇಬ್ಬರೂ ಫೋನ್ ತೆಗೆದು ಹುಡುಕಿದೆವು. ಒಂದು ಪುಟದಲ್ಲಿ 29 ಅಂತಿತ್ತು. ಇನ್ನೊಂದರಲ್ಲಿ 30. ಮೂರನೆಯದರಲ್ಲಿ 31. ‘ಮಾಮ, ಇದರಲ್ಲಿ ಯಾವುದು ಸರಿ?’ ಅಂತ ಅವಳು ಕೇಳಿದಳು.

ತಮಾಷೆ ಏನಂದ್ರೆ, ಮೂರೂ ಒಂದೊಂದು ಕಾಲಕ್ಕೆ ಸರಿಯೇ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ನಮ್ಮದು 19 ಜಿಲ್ಲೆಗಳ ರಾಜ್ಯ. 1997ರಲ್ಲಿ ಏಳು ಹೊಸ ಜಿಲ್ಲೆಗಳು ಬಂದು 27 ಆಯ್ತು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಸೇರಿ 29. ಆಮೇಲೆ ಯಾದಗಿರಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಅಲ್ಲಿಗೆ 31. ಆಯಾ ಪುಟಗಳನ್ನ ಬರೆದವರು ಸುಳ್ಳು ಬರೆದಿರಲಿಲ್ಲ. ಬರೆದು ಎದ್ದು ಹೋದರು, ಲೋಕ ಮುಂದಕ್ಕೆ ನಡೀತು, ಅಷ್ಟೆ.

ಯಾರು ಬೇಕಾದ್ರೂ ತಿದ್ದಬಹುದಾದ ಪುಟಕ್ಕೆ ನಾವು ವಿಕಿ ಅಂತೀವಿ. ಅಂಥ ಪುಟದಲ್ಲಿರೋ ಪಟ್ಟಿ ಹಳತಾದ್ರೆ ಅದನ್ನ ತಿದ್ದೋದು ಯಾರು? ಪುಟವೇ ಒಂದು ಡೇಟಾಬೇಸನ್ನ ಕೇಳಿ, ಬಂದ ಉತ್ತರವನ್ನ ತಾನೇ ಬರ್ಕೊಳ್ಳೋ ಹಾಗಿದ್ರೆ? ಈ ಸಣ್ಣ ಆಸೆಗೆ ಸುಮಾರು ಇಪ್ಪತ್ತು ವರ್ಷದ ಇತಿಹಾಸ ಇದೆ. ಅದರಲ್ಲಿ ಜಾಣತನ ಇದೆ, ಜಗಳ ಇದೆ. ಕೊನೆಗೆ ಅದು ಕನ್ನಡದ ಬಾಗಿಲಿಗೂ ಬರುತ್ತೆ.

ಮೊದಲಿಂದ ಹೇಳ್ತೀನಿ.

1995ರ ಮಾರ್ಚ್ 25. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ ಜಗತ್ತಿನ ಮೊದಲ ವಿಕಿಯನ್ನ ಜಾಲಕ್ಕೆ ಬಿಟ್ಟರು. ಹವಾಯಿ ಭಾಷೆಯಲ್ಲಿ ‘ವಿಕಿ’ ಅಂದ್ರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡಾಡ್ತಿದ್ದ ‘ವಿಕಿ ವಿಕಿ’ ಬಸ್ಸಿನಿಂದ ಈ ಹೆಸರು ಬಂತು. ಅವರ ವಿಕಿಯಲ್ಲಿ ಒಂದು ಚಂದದ ವ್ಯವಸ್ಥೆ ಇತ್ತು. ಇನ್ನೂ ಬರೆಯದ ಪುಟಕ್ಕೂ ನೀವು ಲಿಂಕ್ ಕೊಡಬಹುದಿತ್ತು. ಆ ಪದದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಬರ್ತಿತ್ತು. ಅದನ್ನ ಒತ್ತಿದ್ರೆ ಖಾಲಿ ಪುಟ ತೆರೆದುಕೊಂಡು, ‘ನೀನೇ ಬರಿ’ ಅನ್ನೋ ಹಾಗೆ ಕಾಯ್ತಿತ್ತು. ಮುಂದೆ ವಿಕಿಪೀಡಿಯದಲ್ಲಿ ಇದೇ ಕೆಂಪು ಕೊಂಡಿ ಆಯ್ತು. ನೀಲಿ ಅಂದ್ರೆ ಲೇಖನ ಇದೆ, ಕೆಂಪು ಅಂದ್ರೆ ಇಲ್ಲ. ಈ ಕೆಂಪು ಬಣ್ಣ ನೆನಪಲ್ಲಿಟ್ಕೊಳ್ಳಿ, ಮತ್ತೆ ಬರುತ್ತೆ.

2001ರ ಜನವರಿ 15ಕ್ಕೆ ವಿಕಿಪೀಡಿಯ ಶುರುವಾಯ್ತು. ಆಗ ಅದರ ಹಿಂದೆ ಡೇಟಾಬೇಸೇ ಇರಲಿಲ್ಲ. ಪುಟಗಳೆಲ್ಲ ಸರ್ವರ್‌ನಲ್ಲಿ ಬಿಡಿ ಫೈಲುಗಳಾಗಿ ಕೂತಿದ್ದವು. ಪುಟಗಳು ಹೆಚ್ಚಾದ ಹಾಗೆ ಇದು ಸಾಲದಾಯ್ತು. ಜರ್ಮನಿಯ ಕೊಲೋನ್‌ನಲ್ಲಿ ಜೀವವಿಜ್ಞಾನ ಓದ್ತಿದ್ದ ಮ್ಯಾಗ್ನಸ್ ಮಾನ್ಸ್ಕೆ ಅನ್ನೋ ವಿದ್ಯಾರ್ಥಿ ಹೊಸ ಸಾಫ್ಟ್‌ವೇರ್ ಬರೆದರು. ಪುಟಗಳೆಲ್ಲ ಡೇಟಾಬೇಸಿಗೆ ಹೋದವು. 2002ರ ಜನವರಿ 25ರಂದು ಇಂಗ್ಲಿಷ್ ವಿಕಿಪೀಡಿಯ ಆ ಸಾಫ್ಟ್‌ವೇರ್ ಮೇಲೆ ಓಡೋಕೆ ಶುರುವಾಯ್ತು. ವಿಕಿ ಬಳಗದವರು ಇವತ್ತಿಗೂ ಆ ದಿನವನ್ನ ಮಾನ್ಸ್ಕೆ ಹೆಸರಲ್ಲಿ ಆಚರಿಸ್ತಾರೆ. ಇವರ ಹೆಸರೂ ನೆನಪಿರಲಿ.

ಡೇಟಾಬೇಸ್ ಬಂತು ಅಂದ ಮೇಲೆ ಅದನ್ನ ಪ್ರಶ್ನೆ ಕೇಳಬಹುದು. ಆ ಪ್ರಶ್ನೆಗೆ ಕ್ವೆರಿ ಅಂತ ಹೆಸರು. ಕೇಳೋಕೆ ಎಸ್‌ಕ್ಯೂಎಲ್ ಅನ್ನೋ ಭಾಷೆ 1970ರ ದಶಕದಿಂದಲೇ ಇತ್ತು. ವಿಕಿಪೀಡಿಯದ ಮೊದಮೊದಲ ವರ್ಷಗಳಲ್ಲಿ ನಿರ್ವಾಹಕರು ಒಂದು ವಿಶೇಷ ಪುಟಕ್ಕೆ ಹೋಗಿ ಎಸ್‌ಕ್ಯೂಎಲ್‌ನಲ್ಲಿ ನೇರವಾಗಿ ಪ್ರಶ್ನೆ ಟೈಪ್ ಮಾಡಬಹುದಿತ್ತು. ಈಗ ಕೇಳಿದ್ರೆ ನಗು ಬರುತ್ತೆ, ಯಾಕಂದ್ರೆ ಒಂದು ಭಾರಿ ಪ್ರಶ್ನೆ ಸಾಕು, ಇಡೀ ಸೈಟ್ ಏದುಸಿರು ಬಿಡೋಕೆ. ಆ ಬಾಗಿಲು ಮುಚ್ಚಿತು. ಉಳಿದದ್ದು ಸಿದ್ಧ ಪ್ರಶ್ನೆಗಳ ಪುಟಗಳು. ಯಾವ ಪುಟಕ್ಕೆ ಯಾರೂ ಲಿಂಕ್ ಕೊಟ್ಟಿಲ್ಲ, ಯಾವ ಪುಟ ತೀರಾ ಚಿಕ್ಕದು, ಯಾವ ಕೆಂಪು ಕೊಂಡಿ ಅತಿ ಹೆಚ್ಚು ಕಡೆ ಇದೆ, ಇಂಥವು. ದೊಡ್ಡ ವಿಕಿಗಳಲ್ಲಿ ಇವನ್ನೂ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕೋದಿಲ್ಲ. ಆಗಾಗ ಒಮ್ಮೆ ಲೆಕ್ಕ ಹಾಕಿ, ಉತ್ತರ ಎತ್ತಿಟ್ಟು, ಅದನ್ನೇ ತೋರಿಸ್ತಾರೆ.

ಇಲ್ಲೊಂದು ಕೊರತೆ ಇತ್ತು. ಒಬ್ಬ ಹಳೇ ಕಚೇರಿಯ ಗುಮಾಸ್ತರನ್ನ ನೆನಪಿಸ್ಕೊಳ್ಳಿ. ಯಾವ ಫೈಲು ಯಾವ ಕಪಾಟಿನಲ್ಲಿದೆ, ಯಾರು ಯಾವಾಗ ತೆಗೆದರು, ಎಲ್ಲಾ ಬಾಯಿಪಾಠ. ಆದರೆ ಒಂದು ಫೈಲನ್ನೂ ಬಿಚ್ಚಿ ಓದಿಲ್ಲ. ವಿಕಿಯ ಡೇಟಾಬೇಸ್ ಹಾಗಿತ್ತು. ‘ಮೈಸೂರು’ ಅನ್ನೋ ಪುಟ ಇದೆ ಅಂತ ಅದಕ್ಕೆ ಗೊತ್ತು. ಮೈಸೂರು ಒಂದು ಊರು, ಅದು ಕರ್ನಾಟಕದಲ್ಲಿದೆ ಅಂತ ಗೊತ್ತಿಲ್ಲ. ಆ ಮಾತು ವಾಕ್ಯದ ಒಳಗಿದೆ. ವಾಕ್ಯ ಓದೋದು ಮನುಷ್ಯರ ಕೆಲಸ.

ಈ ಗೋಡೆ ಒಡೆಯೋಕೆ ಹೊರಟವರು ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ಯುವ ಸಂಶೋಧಕರು. ಡೆನ್ನಿ ವ್ರಾಂಡೆಚಿಚ್, ಮಾರ್ಕುಸ್ ಕ್ರ್ಯೋಟ್ಶ್ ಮತ್ತು ಅವರ ಜೊತೆಗಾರರು 2005ರಲ್ಲಿ ಸೆಮ್ಯಾಂಟಿಕ್ ಮೀಡಿಯಾವಿಕಿ ಅನ್ನೋದನ್ನ ಹೊರತಂದರು. ಉಪಾಯ ಸರಳ. ಲಿಂಕ್ ಬರೆಯುವಾಗಲೇ ಆ ಲಿಂಕಿನ ಅರ್ಥವನ್ನೂ ಬರೆದುಬಿಡಿ. ಮೈಸೂರಿನ ಪುಟದಲ್ಲಿ ಬರೀ ‘ಕರ್ನಾಟಕ’ ಅಂತ ಲಿಂಕ್ ಕೊಡೋ ಬದಲು, ‘ಇರುವ ರಾಜ್ಯ’ ಅಂತ ಬರೆದು, ಎರಡು ಕೋಲನ್ ಹಾಕಿ, ‘ಕರ್ನಾಟಕ’ ಅನ್ನಿ. ಆಮೇಲೆ ಬೇರೆ ಯಾವುದೇ ಪುಟದಲ್ಲಿ ಪಟ್ಟಿ ಬೇಕಾದ್ರೆ, ಆ ಜಾಗದಲ್ಲಿ ‘ಆಸ್ಕ್’ ಅಂತ ಒಂದು ಸಾಲು ಬರೆಯಿರಿ. ಇರುವ ರಾಜ್ಯ ಕರ್ನಾಟಕ ಆಗಿರೋ ಊರುಗಳನ್ನೆಲ್ಲ ಕೊಡು, ಜನಸಂಖ್ಯೆಯನ್ನೂ ಪಕ್ಕದಲ್ಲಿ ಹಾಕು, ಅಂತ. ಓದುವವರಿಗೆ ಆ ಸಾಲು ಕಾಣೋದೇ ಇಲ್ಲ. ಅಲ್ಲಿ ಅಚ್ಚುಕಟ್ಟಾದ ಕೋಷ್ಟಕ ಕಾಣುತ್ತೆ.

ಅದುವರೆಗೆ ವಿಕಿ ಪುಟ ಅಂದ್ರೆ ಯಾರೋ ಬರೆದದ್ದು. ಈಗ ಅದೇ ಪುಟದಲ್ಲಿ ಯಾರೂ ಟೈಪ್ ಮಾಡದ ಸಾಲುಗಳು ಕಾಣಿಸಿಕೊಂಡವು.

ಕಂಪನಿಗಳು, ಸಂಶೋಧನಾ ಗುಂಪುಗಳು ತಮ್ಮ ತಮ್ಮ ವಿಕಿಗಳಲ್ಲಿ ಇದನ್ನ ಖುಷಿಯಿಂದ ಬಳಸಿದವು. ವಿಕಿಪೀಡಿಯಕ್ಕೆ ಮಾತ್ರ ಇದು ಬರಲೇ ಇಲ್ಲ. ಅಷ್ಟು ದೊಡ್ಡ ಸೈಟು ಈ ಭಾರ ತಡೆಯುತ್ತಾ ಅನ್ನೋ ಅಂಜಿಕೆ ಒಂದು ಕಡೆ. ಇನ್ನೊಂದು ಕಡೆ ಭಾಷೆಯ ತೊಡಕು. ಇಂಗ್ಲಿಷ್ ಪುಟದಲ್ಲಿ ಬರೆದ ‘ಇರುವ ರಾಜ್ಯ’ ಕನ್ನಡದ ಪುಟಕ್ಕೆ ಉಪಯೋಗ ಇಲ್ಲ. ಪ್ರತಿ ಭಾಷೆಯವರೂ ಅದೇ ಕೆಲಸವನ್ನ ಮೊದಲಿಂದ ಮಾಡಬೇಕು. ಸಾವಿರಾರು ಜನ ಇರೋ ಭಾಷೆಗೆ ಅದು ಆದೀತು. ಬೆರಳೆಣಿಕೆಯ ಜನ ಬಿಡುವಿನ ವೇಳೆಯಲ್ಲಿ ನಡೆಸೋ ವಿಕಿಗೆ?

ಹಾಗಾಗಿ ಡೆನ್ನಿ ಮತ್ತು ಅವರ ಬಳಗ ಯೋಚನೆಯನ್ನೇ ತಿರುಗಿಸಿತು. ಮಾಹಿತಿ ಪುಟದೊಳಗೆ ಯಾಕಿರಬೇಕು? ಎಲ್ಲ ಭಾಷೆಗಳಿಗೂ ಸೇರಿ ಒಂದೇ ಕಡೆ ಇಡೋಣ. 2012ರ ಅಕ್ಟೋಬರ್ 29ರಂದು ವಿಕಿಡೇಟಾ ಶುರುವಾಯ್ತು. ಅಲ್ಲಿ ಪ್ರತಿ ಸಂಗತಿಗೂ ಕ್ಯೂ ಅಕ್ಷರದಿಂದ ಶುರುವಾಗೋ ಒಂದು ನಂಬರ್. ಬ್ರಹ್ಮಾಂಡಕ್ಕೆ ಕ್ಯೂ 1. ಬೆಂಗಳೂರಿಗೆ ಕ್ಯೂ 1355. ನಂಬರಿಗೆ ಭಾಷೆ ಇಲ್ಲ ನೋಡಿ. ಆ ನಂಬರಿಗೆ ಕನ್ನಡದವರು ಬೆಂಗಳೂರು ಅಂತ ಹೆಸರು ಕೊಡ್ತಾರೆ, ಜಪಾನಿನವರು ಅವರ ಲಿಪಿಯಲ್ಲಿ ಕೊಡ್ತಾರೆ. ಜನಸಂಖ್ಯೆಯ ಅಂಕಿ ಮಾತ್ರ ಎಲ್ಲರಿಗೂ ಒಂದೇ.

ಯೋಜನೆ ಮೂರು ಹಂತದ್ದು. ಮೊದಲ ಹಂತ, ಒಂದೇ ವಿಷಯದ ಬೇರೆ ಬೇರೆ ಭಾಷೆಯ ಲೇಖನಗಳನ್ನ ಜೋಡಿಸೋದು. ಇದರ ಲಾಭಕ್ಕೆ ಒಂದು ಲೆಕ್ಕ ಹೇಳ್ತೀನಿ. ಒಂದು ವಿಷಯಕ್ಕೆ 100 ಭಾಷೆಗಳಲ್ಲಿ ಲೇಖನ ಇದೆ ಅಂದ್ಕೊಳ್ಳಿ. ಹಿಂದೆ ಪ್ರತಿ ಲೇಖನದ ಕೊನೆಯಲ್ಲೂ ಉಳಿದ 99ರ ಲಿಂಕ್ ಇರಬೇಕಿತ್ತು. ಅಂದ್ರೆ ಒಟ್ಟು 9,900 ಸಾಲು. ಈಗ ಒಂದೇ ಜಾಗದಲ್ಲಿ 100 ಸಾಲು. ಎರಡನೇ ಹಂತ, ಲೇಖನದ ಬದಿಯಲ್ಲಿರೋ ಮಾಹಿತಿ ಚೌಕಕ್ಕೆ ಅಂಕಿ ಅಂಶ ಒದಗಿಸೋದು. ಮೂರನೇ ಹಂತವೇ ನಮ್ಮ ಕಥೆಯದ್ದು: ಪ್ರಶ್ನೆ ಕೇಳಿ ಪಟ್ಟಿ ತಾನಾಗಿ ಬರೋ ಹಾಗೆ ಮಾಡೋದು.

ಮೊದಲೆರಡು ಹಂತ ಮುಗಿದವು. ಮೂರನೆಯದು ಅಂದ್ಕೊಂಡ ರೂಪದಲ್ಲಿ ವಿಕಿಪೀಡಿಯದ ಪುಟದೊಳಕ್ಕೆ ಬರಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ವಿಕಿಡೇಟಾಗೆ ಒಂದು ಪ್ರಶ್ನೆ ಕೌಂಟರ್ ತೆರೆದರು. ಸ್ಪಾರ್ಕಲ್ ಅನ್ನೋ ಭಾಷೆಯಲ್ಲಿ ಅಲ್ಲಿ ಏನು ಬೇಕಾದ್ರೂ ಕೇಳಬಹುದು. ‘ಮಹಿಳಾ ಮೇಯರ್ ಇರೋ ಜಗತ್ತಿನ ಅತಿ ದೊಡ್ಡ ನಗರಗಳು ಯಾವುವು?’ ಅನ್ನೋದು ಅಲ್ಲಿ ಎಲ್ಲರೂ ಕೊಡೋ ಉದಾಹರಣೆ. ವಿಕಿಪೀಡಿಯದಲ್ಲಿ ಇದಕ್ಕೆ ಬೇಕಾದ ಮಾಹಿತಿ ಎಲ್ಲಾ ಇದೆ, ಆದರೆ ಸಾವಿರ ಪುಟ ತೆರೆದು ಓದಿದ್ರೆ ಮಾತ್ರ ಸಿಗುತ್ತೆ. ಇಲ್ಲಿ ಕೆಲವೇ ಸೆಕೆಂಡಿನ ಕೆಲಸ. ಆದರೆ ಉತ್ತರ ಆ ಕೌಂಟರ್‌ನಲ್ಲಿ ಬರುತ್ತೆ, ವಿಕಿ ಪುಟದಲ್ಲಿ ಬರಲ್ಲ.

ಆ ನಡುವಿನ ಸೇತುವೆ ಕಟ್ಟಿದವರು ಯಾರು ಗೊತ್ತಾ? ಅದೇ ಮ್ಯಾಗ್ನಸ್ ಮಾನ್ಸ್ಕೆ. 2002ರಲ್ಲಿ ವಿಕಿಪೀಡಿಯವನ್ನ ಡೇಟಾಬೇಸಿಗೆ ಹತ್ತಿಸಿದವರು. ಅವರು ಬರೆದ ಬಾಟ್ ಹೆಸರು ಲಿಸ್ಟೀರಿಯಾ. ಊಟದಿಂದ ಕಾಯಿಲೆ ತರೋ ಒಂದು ಬ್ಯಾಕ್ಟೀರಿಯಾಕ್ಕೂ ಅದೇ ಹೆಸರು, ಒಳಗೆ ‘ಲಿಸ್ಟ್’ ಅನ್ನೋ ಪದವೂ ಇದೆ. ಜೀವವಿಜ್ಞಾನ ಓದಿದವರ ತಮಾಷೆ.

ಲಿಸ್ಟೀರಿಯಾ ಕೆಲಸ ಮಾಡೋ ರೀತಿ ನನಗೆ ತುಂಬ ಇಷ್ಟ. ನೀವು ವಿಕಿ ಪುಟದಲ್ಲಿ ಎರಡು ಗುರುತು ಹಾಕ್ತೀರಿ, ಪಟ್ಟಿ ಇಲ್ಲಿ ಶುರು, ಇಲ್ಲಿ ಮುಗಿಯಿತು ಅಂತ. ಮೊದಲ ಗುರುತಿನ ಒಳಗೆ ನಿಮ್ಮ ಪ್ರಶ್ನೆ ಬರೆದಿಡ್ತೀರಿ. ಬಾಟ್ ದಿನಕ್ಕೊಮ್ಮೆ ಬರುತ್ತೆ, ಪ್ರಶ್ನೆ ಓದುತ್ತೆ, ಕೌಂಟರ್‌ಗೆ ಹೋಗಿ ಕೇಳುತ್ತೆ, ಉತ್ತರ ತಂದು ಎರಡು ಗುರುತಿನ ನಡುವೆ ಸಾಮಾನ್ಯ ವಿಕಿ ಪಠ್ಯವಾಗಿ ಬರೆದು ಹೋಗುತ್ತೆ. ಬೆಳಿಗ್ಗೆ ಪೇಪರ್ ಹಾಕೋ ಹುಡುಗನ ಹಾಗೆ. ಪುಟ ತೆರೆದಾಗಲೆಲ್ಲ ಪ್ರಶ್ನೆ ಕೇಳೋದಿಲ್ಲ, ಹಾಗಾಗಿ ಸರ್ವರ್‌ಗೆ ಭಾರ ಇಲ್ಲ. ಇನ್ನೊಂದು ಲಾಭ, ಪುಟದ ಇತಿಹಾಸದಲ್ಲಿ ಎಲ್ಲಾ ಉಳಿಯುತ್ತೆ. ನಿನ್ನೆ ಇದ್ದ ಯಾವ ಹೆಸರು ಇವತ್ತು ಇಲ್ಲ, ಯಾವುದು ಹೊಸದು, ನೀವೇ ನೋಡಬಹುದು.

ಆದರೆ ಇಲ್ಲೇ ಜಗಳವೂ ಶುರು. ಆ ಎರಡು ಗುರುತಿನ ನಡುವೆ ಇರೋ ಸಾಲನ್ನ ನೀವು ಕೈಯಿಂದ ತಿದ್ದಿದ್ರೆ? ಮರುದಿನ ಬಾಟ್ ಬಂದು ನಿಮ್ಮ ತಿದ್ದುಪಡಿ ಅಳಿಸಿ ತನ್ನದನ್ನ ಬರೆಯುತ್ತೆ. ತಿದ್ದಬೇಕು ಅಂದ್ರೆ ವಿಕಿಡೇಟಾಗೆ ಹೋಗಿ ತಿದ್ದಬೇಕು. ಯಾರು ಬೇಕಾದ್ರೂ ತಿದ್ದಬಹುದು ಅನ್ನೋದೇ ವಿಕಿಯ ಮೂಲಮಂತ್ರ. ಆ ಪುಟದಲ್ಲೇ ಒಂದು ಭಾಗ ‘ಇಲ್ಲಿ ತಿದ್ದಬೇಡಿ’ ಅಂದ್ರೆ ಹಳಬರಿಗೆ ಸಿಟ್ಟು ಬರುತ್ತೆ. ಇಂಗ್ಲಿಷ್ ವಿಕಿಪೀಡಿಯ ಲೇಖನಗಳ ಒಳಗೆ ಈ ಬಾಟ್ ಪಟ್ಟಿಗಳಿಗೆ ಜಾಗ ಕೊಡಲಿಲ್ಲ. ಸಂಪಾದಕರ ಯೋಜನೆಯ ಪುಟಗಳಲ್ಲಿ, ಸ್ವಂತ ಪುಟಗಳಲ್ಲಿ ಬಳಸ್ಕೊಳ್ಳಿ ಅಂದಿತು.

ಬೇರೆ ಊರಿನ ಜಗಳ ಅಂದ್ಕೋಬೇಡಿ, ಇದು ನಿಮ್ಮ ಫೋನಿನವರೆಗೂ ಬಂದಿತ್ತು. ವಿಕಿಪೀಡಿಯ ಆ್ಯಪ್‌ನಲ್ಲಿ ಲೇಖನದ ಹೆಸರಿನ ಕೆಳಗೆ ಒಂದು ಚಿಕ್ಕ ವಿವರಣೆ ಬರುತ್ತಲ್ಲ, ‘ಭಾರತದ ಕ್ರಿಕೆಟಿಗ’ ಅನ್ನೋ ತರದ್ದು? ಅದು ವಿಕಿಡೇಟಾದಿಂದ ಬರ್ತಿತ್ತು. ಅಲ್ಲಿ ಯಾರಾದ್ರೂ ಕುಚೇಷ್ಟೆಗೆ ಏನಾದ್ರೂ ಗೀಚಿದ್ರೆ ಲೇಖನದ ನೆತ್ತಿಯ ಮೇಲೇ ಕಾಣುತ್ತೆ, ನಮ್ಮ ಕಾವಲಿಗೆ ಅದು ಸಿಗೋದಿಲ್ಲ ಅಂತ 2017ರಲ್ಲಿ ಇಂಗ್ಲಿಷ್ ಸಂಪಾದಕರು ಗಟ್ಟಿಯಾಗಿ ತಕರಾರು ತೆಗೆದರು. 2018ರಲ್ಲಿ ಆ ವಿವರಣೆಯನ್ನ ಲೇಖನದಲ್ಲೇ ಬರೆಯೋ ವ್ಯವಸ್ಥೆ ಬಂತು.

ಇಬ್ಬರ ಮಾತಲ್ಲೂ ಹುರುಳಿದೆ. ಓವರ್‌ಹೆಡ್ ಟ್ಯಾಂಕ್ ಒಂದೇ ಇದ್ರೆ ಪ್ರತಿ ಮನೆಯವರೂ ಬಾವಿ ತೋಡಬೇಕಿಲ್ಲ. ಆದರೆ ಟ್ಯಾಂಕಿನಲ್ಲಿ ಕಸ ಬಿದ್ರೆ ಎಲ್ಲರ ನಲ್ಲಿಯಲ್ಲೂ ಕಸ. ಹಾಗಿದ್ರೆ ಟ್ಯಾಂಕ್ ಕಾಯೋರು ಯಾರು, ಅವರು ಎಷ್ಟು ಜನ ಇದ್ದಾರೆ ಅನ್ನೋದು ನ್ಯಾಯವಾದ ಪ್ರಶ್ನೆ.

ಲೇಖನದೊಳಗೆ ಜಾಗ ಸಿಗದ ಈ ಪಟ್ಟಿಗಳು ಕೊನೆಗೆ ಏನಾದವು? ಇಲ್ಲಿಂದ ಕಥೆ ಚೆನ್ನಾಗಿ ತಿರುಗುತ್ತೆ.

2014ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ವ್ಯಕ್ತಿಚಿತ್ರಗಳಲ್ಲಿ ಮಹಿಳೆಯರದ್ದು ಶೇಕಡಾ 15ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. 2015ರಲ್ಲಿ ‘ವಿಮೆನ್ ಇನ್ ರೆಡ್’ ಅನ್ನೋ ಗುಂಪು ಹುಟ್ಟಿತು. ಕೆಂಪು ಅಂದ್ರೆ ಅದೇ ಕೆಂಪು ಕೊಂಡಿ. ಯಾರ ಬಗ್ಗೆ ಲೇಖನ ಇಲ್ಲವೋ ಆ ಮಹಿಳೆಯರು. ಆದರೆ ಇಲ್ಲದವರ ಪಟ್ಟಿ ಮಾಡೋದು ಹೇಗೆ? ಕೈಯಿಂದ ಬರೆದ ಪಟ್ಟಿಯಲ್ಲಿ ನಿಮಗೆ ಗೊತ್ತಿರೋ ಹೆಸರು ಮಾತ್ರ ಇರುತ್ತೆ. ಇಲ್ಲಿ ಲಿಸ್ಟೀರಿಯಾ ಕೈ ಹಿಡೀತು. ವಿಕಿಡೇಟಾದಲ್ಲಿ ಇರುವ, ಆದರೆ ಇಂಗ್ಲಿಷ್‌ನಲ್ಲಿ ಲೇಖನ ಇಲ್ಲದ ಮಹಿಳೆಯರನ್ನ ವೃತ್ತಿವಾರು, ದೇಶವಾರು ಕೊಡು ಅಂತ ಕೇಳಿದರು. ಪುಟಗಟ್ಟಲೆ ಕೆಂಪು ಹೆಸರುಗಳು ಬಂದವು. ಒಬ್ಬರ ಬಗ್ಗೆ ಯಾರಾದ್ರೂ ಲೇಖನ ಬರೆದರೆ, ಮುಂದಿನ ಸಲ ಬಾಟ್ ಬಂದಾಗ ಆ ಹೆಸರು ಪಟ್ಟಿಯಿಂದ ತಾನಾಗಿ ಹೋಗುತ್ತೆ. ಈಗ ಆ ಶೇಕಡಾವಾರು 20 ದಾಟಿದೆ. ಸಾವಿರಾರು ಜನ ಕೂತು ಬರೆದರು. ಎಲ್ಲಿಂದ ಶುರು ಮಾಡಬೇಕು ಅಂತ ತೋರಿಸಿದ್ದು ಈ ಪಟ್ಟಿಗಳು.

ಇದರ ಬೆಲೆ ಗೊತ್ತಾಗಬೇಕಾದ್ರೆ 2018ರ ಅಕ್ಟೋಬರ್ 2 ನೆನಪಿಸ್ಕೊಳ್ಳಿ. ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್‌ಗೆ ಭೌತಶಾಸ್ತ್ರದ ನೊಬೆಲ್ ಘೋಷಣೆಯಾಯ್ತು. ಆ ಪ್ರಶಸ್ತಿ ಪಡೆದ ಮೂರನೇ ಮಹಿಳೆ ಅವರು. ಜನ ವಿಕಿಪೀಡಿಯಕ್ಕೆ ಹೋಗಿ ನೋಡಿದ್ರೆ ಅವರ ಮೇಲೆ ಲೇಖನವೇ ಇಲ್ಲ. ಅದೇ ವರ್ಷ ಮೇನಲ್ಲಿ ಒಬ್ಬರು ಬರೆದ ಕರಡನ್ನ ಸಾಕಷ್ಟು ಆಧಾರ ಇಲ್ಲ ಅಂತ ಹಿಂದಕ್ಕೆ ಕಳಿಸಲಾಗಿತ್ತು. ಇಲ್ಲದಿರೋದು ಯಾರ ಕಣ್ಣಿಗೂ ಬೀಳಲ್ಲ, ನೊಬೆಲ್ ಬರೋವರೆಗೆ.

ಈಗ ನಮ್ಮ ಮನೆಗೆ ಬರೋಣ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದು. ಕನ್ನಡ ಲಿಪಿಯಲ್ಲೇ ಇರೋ ತುಳು ವಿಕಿಪೀಡಿಯ 2016ರಲ್ಲಿ ಬಂತು. ಇಂಗ್ಲಿಷ್‌ಗೆ ಹೋಲಿಸಿದ್ರೆ ಇಲ್ಲಿ ಬರೆಯೋರು ತುಂಬ ಕಡಿಮೆ. ಹೀಗಾಗಿ ಒಂದೇ ಟ್ಯಾಂಕಿನಿಂದ ನೀರು ಬರೋದು ನಮಗೆ ಹೆಚ್ಚು ಬೇಕು. ಆದರೆ ಅದಕ್ಕೊಂದು ಷರತ್ತಿದೆ. ವಿಕಿಡೇಟಾಗೆ ಪ್ರಶ್ನೆ ಕೇಳುವಾಗ ‘ಹೆಸರುಗಳನ್ನ ಕನ್ನಡದಲ್ಲಿ ಕೊಡು, ಇಲ್ಲದಿದ್ರೆ ಇಂಗ್ಲಿಷ್‌ನಲ್ಲಿ ಕೊಡು’ ಅಂತ ಹೇಳಬಹುದು. ಯಾರೋ ಒಬ್ಬರು ಕನ್ನಡದ ಹೆಸರು ಸೇರಿಸಿದ್ರೆ ಕನ್ನಡ ಬರುತ್ತೆ. ಇಲ್ಲದಿದ್ರೆ ಇಂಗ್ಲಿಷ್. ಅದೂ ಇಲ್ಲದಿದ್ರೆ ಬರೀ ಕ್ಯೂ ಅಕ್ಷರ, ಒಂದು ನಂಬರ್.

ಕ್ವಿಜ್ ಮುಗಿದ ವಾರ ಅಕ್ಕನ ಮಗಳನ್ನ ಕೂರಿಸ್ಕೊಂಡು ಇದನ್ನ ಮಾಡಿ ನೋಡಿದೆ. ಕರ್ನಾಟಕದಲ್ಲಿ ಹುಟ್ಟಿದ, ಕನ್ನಡ ವಿಕಿಪೀಡಿಯದಲ್ಲಿ ಲೇಖನ ಇಲ್ಲದ ಮಹಿಳೆಯರು ಯಾರು ಅಂತ ಕೇಳಿದೆವು. ಪಟ್ಟಿ ಬಂತು. ಅವಳು ಬೆರಳಾಡಿಸ್ತಾ ಹೋದಳು. ಆಟಗಾರ್ತಿಯರು, ಲೇಖಕಿಯರು, ನಟಿಯರು. ಬಹಳಷ್ಟು ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇದ್ದವು. ‘ಮಾಮ, ಇವರೆಲ್ಲ ನಮ್ಮ ಕಡೆಯವರೇ, ಕನ್ನಡದಲ್ಲಿ ಹೆಸರೂ ಇಲ್ವಲ್ಲ’ ಅಂದಳು. ಆಮೇಲೆ ತನ್ನ ಜಿಲ್ಲೆಯ ಒಬ್ಬ ಆಟಗಾರ್ತಿಯ ಪುಟ ತೆರೆದು ಹೆಸರನ್ನ ಕನ್ನಡದಲ್ಲಿ ಟೈಪ್ ಮಾಡಿದಳು. ಸ್ವಲ್ಪ ಹೊತ್ತಿನ ನಂತರ ಅದೇ ಪ್ರಶ್ನೆ ಮತ್ತೆ ಕೇಳಿದೆವು. ಆ ಒಂದು ಸಾಲು ಕನ್ನಡದಲ್ಲಿ ಬಂತು.

ಒಂದು ಎಚ್ಚರಿಕೆ ಹೇಳದೆ ಮುಗಿಸಬಾರದು. ಕ್ವೆರಿ ಕೊಡೋದು ಯಾರೋ ತುಂಬಿಸಿದ್ದನ್ನ ಮಾತ್ರ. ನಿಮ್ಮೂರಲ್ಲಿ ಹುಟ್ಟಿದ ವಿಜ್ಞಾನಿಗಳನ್ನ ಕೇಳಿದಾಗ ಪಟ್ಟಿ ಖಾಲಿ ಬಂದ್ರೆ, ಊರಲ್ಲಿ ವಿಜ್ಞಾನಿಗಳಿಲ್ಲ ಅಂತಲ್ಲ. ಯಾರೂ ಬರೆದಿಲ್ಲ ಅಂತ. ವಿಕಿಡೇಟಾದಲ್ಲಿ ಈಗ 10 ಕೋಟಿಗೂ ಹೆಚ್ಚು ನಂಬರುಗಳಿವೆ. ಅದರ ಪ್ರಶ್ನೆ ಕೌಂಟರ್ ಒಂದು ಪ್ರಶ್ನೆಗೆ 60 ಸೆಕೆಂಡಿಗಿಂತ ಹೆಚ್ಚು ಸಮಯ ಕೊಡಲ್ಲ. ಭಾರ ತಡೆಯದೆ 2025ರಲ್ಲಿ ಸಂಶೋಧನಾ ಪ್ರಬಂಧಗಳ ಮಾಹಿತಿಯನ್ನ ಬೇರೆ ಕೌಂಟರ್‌ಗೆ ಸಾಗಿಸಬೇಕಾಯ್ತು. ಅಷ್ಟು ದೊಡ್ಡ ಟ್ಯಾಂಕಿನಲ್ಲೂ ನಮ್ಮ ಪಾಲಿನ ನೀರು ನಾವೇ ತುಂಬಿಸಬೇಕು.

ಇಪ್ಪತ್ತು ವರ್ಷ ಇಷ್ಟೆಲ್ಲ ಮಾಡಿದ್ದು ಗೊತ್ತಿರೋದನ್ನ ಚೆನ್ನಾಗಿ ತೋರಿಸೋಕೆ. ಅದಕ್ಕಿಂತ ದೊಡ್ಡ ಉಪಕಾರ ಆದದ್ದು ಇಲ್ಲದ್ದನ್ನ ತೋರಿಸಿದಾಗ ಅಂತ ನನಗನ್ನಿಸುತ್ತೆ. ವಾರ್ಡ್ ಕನಿಂಗ್‌ಹ್ಯಾಮ್ ಅವರ ಆ ಪ್ರಶ್ನಾರ್ಥಕ ಚಿಹ್ನೆಗೆ 1995ರಲ್ಲಿ ಇದ್ದ ಕೆಲಸವೇ ಇವತ್ತು ಈ ಕೆಂಪು ಪಟ್ಟಿಗಳಿಗೂ ಇದೆ.

ಅಂದ ಹಾಗೆ, ಆ ಕ್ವಿಜ್‌ನ ಮೊದಲ ಪ್ರಶ್ನೆ ಬದಲಾಯಿಸಿದೆವು. ‘ಕರ್ನಾಟಕದಲ್ಲಿ ಈಗ ಎಷ್ಟು ಜಿಲ್ಲೆಗಳಿವೆ, ಕೊನೆಯದು ಯಾವ ವರ್ಷ ಸೇರಿತು?’ ಅಂತ. ‘ಈಗ’ ಅನ್ನೋ ಪದ ಸೇರಿಸಿದ್ದು ಅವಳೇ.

ಇವತ್ತು ಇಳಿಯೋ ಸ್ಟಾಪ್ ಬರೋದ್ರೊಳಗೆ ನಿಮ್ಮೂರಿನ ಹೆಸರನ್ನ ವಿಕಿಡೇಟಾದಲ್ಲಿ ಹುಡುಕಿ ನೋಡಿ. ಕನ್ನಡದಲ್ಲಿ ಇದೆಯಾ? ಇಲ್ಲದಿದ್ರೆ ಏನು ಮಾಡಬೇಕು ಅಂತ ಈಗ ನಿಮಗೆ ಗೊತ್ತಿದೆ.